ಬಲಿಪೀಠದ ಬಟ್ಟೆ, ಕೆಂಡಮ್ಮನ ಬಾಯಿ

ಇಸ್ತ್ರಿಪೆಟ್ಟಿಗೆಯ ಕೆಂಡಕ್ಕಿಂತ ಅವಳ ಬಾಯೇ ಬಿಸಿಯೆಂದು ಓಣಿಯವರು ಅವಳನ್ನು ಕೆಂಡಮ್ಮ ಎನ್ನುತ್ತಿದ್ದರು. ಚರ್ಚಿನ ಬಲಿಪೀಠದ ಬಟ್ಟೆಗೆ ಪ್ರತಿ ಶನಿವಾರ ಇಸ್ತ್ರಿ ಹಾಕಿಕೊಡುವುದು ಅವಳ ಸೇವೆ. ಗಂಡನಿಗೆ ಲಕ್ವ ಹೊಡೆದು ಹಾಸಿಗೆ ಹಿಡಿದ ಮೇಲೂ ಅದು ತಪ್ಪಲಿಲ್ಲ. ಆದರೆ ಆ ಬಟ್ಟೆಯ ಮೇಲೆ ಪೆಟ್ಟಿಗೆ ಓಡುವಷ್ಟು ಹೊತ್ತೂ ಅವಳು ದೇವರನ್ನು ಬಯ್ಯುತ್ತಿದ್ದಳು.

“ಕುಡಿದು ಬೀಳೋ ಮೈದುನ ಗುಂಡುಕಲ್ಲಿನ ಹಾಗಿದ್ದಾನೆ. ಒಂದು ತೊಟ್ಟು ಮುಟ್ಟದ ನನ್ನ ಗಂಡನೇ ಬೇಕಿತ್ತಾ ನಿಂಗೆ? ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕ್ತೀಯಾ? ಹೇಳಪ್ಪಾ, ಕಿವಿಗೆ ಹತ್ತಿ ಇಟ್ಕೊಂಡಿದ್ದೀಯಾ?”

ಬಟ್ಟೆ ಒಯ್ಯಲು ಬಂದ ಸಭೆಯ ಹಿರಿಯರು ಬಾಗಿಲಲ್ಲೇ ಬೆಚ್ಚಿಬಿದ್ದರು. “ಛೇ, ದೇವರಿಗೆ ಎಂಥಾ ಮಾತಮ್ಮಾ ಇದು! ನಿಮ್ಮ ಮನಸ್ಸು ಸಮಾಧಾನ ಆಗೋವರೆಗೂ ಈ ಸೇವೆ ಬೇರೆಯವರು ಮಾಡ್ಲಿ.”

ಕೆಂಡಮ್ಮ ಪೆಟ್ಟಿಗೆಯನ್ನು ಕುಕ್ಕಿದಳು. ಕಿಡಿಯೊಂದು ಹಾರಿತು. ಬಟ್ಟೆಗೆ ತಾಗೀತೆಂದು ಅಂಗೈ ಅಡ್ಡ ಹಿಡಿದು ಸುಟ್ಟುಕೊಂಡಳು, ಮಾತು ಮಾತ್ರ ನಿಲ್ಲಿಸಲಿಲ್ಲ.

“ಪೂರ್ಣ ಹೃದಯದಿಂದ ದೇವರನ್ನ ಪ್ರೀತಿಸಿ ಅಂತ ಭಾನುವಾರ ಓದೋರು ನೀವೇ ಅಲ್ವಾ? ನನ್ನ ಹೃದಯದ ತುಂಬ ಈಗ ಸಿಟ್ಟೇ ಇದೆ. ಅದನ್ನ ಮನೇಲಿ ಬಚ್ಚಿಟ್ಟು ಅವನ ಮುಂದೆ ಹಲ್ಲು ಕಿರಿಯೋ ನಾಟಕ ನನ್ನ ಕೈಲಾಗಲ್ಲ.”

ಹಿರಿಯರು ಬಾಯಿ ತೆರೆಯುವಷ್ಟರಲ್ಲಿ ಬಟ್ಟೆಯನ್ನು ಮಡಿಸಿ ಅವರ ಕೈಗಿಟ್ಟಳು. ಅದರಲ್ಲಿ ಒಂದು ಸುಕ್ಕೂ ಇರಲಿಲ್ಲ.

“ನಾನು ಅವನ ಹತ್ರ ಜಗಳ ಆಡೋದು ಬಿಟ್ಟ ದಿನ ಬನ್ನಿ,” ಎಂದಳು. “ಆವತ್ತು ನಂಗೋಸ್ಕರ ಪ್ರಾರ್ಥನೆ ಮಾಡಿ.”