ಕೆಂಪತ್ತೆಯ ದವಡೆ

ಮಂಡ್ಯದಲ್ಲಿ ನಾನು ಹೋಗುವ ಹಲ್ಲಿನ ಡಾಕ್ಟರ ಕಿಟಕಿಯ ಕೆಳಗೇ ಒಂದು ಕಬ್ಬಿನ ಹಾಲಿನ ಅಂಗಡಿ. ಮೊನ್ನೆ ಕುರ್ಚಿಯಲ್ಲಿ ಬಾಯಿ ತೆರೆದು ಒರಗಿದ್ದಾಗ, ಗಾಣಕ್ಕೆ ಸಿಕ್ಕ ಜಲ್ಲೆ ಕರಕರ ಎಂದಿತು. ಆ ಸದ್ದಿನೊಂದಿಗೆ ಕೆರಗೋಡಿನ ನಮ್ಮ ಹಳೆಯ ಮನೆಯ ಜಗಲಿ ಎದ್ದು ಬಂತು. ಮಧ್ಯಾಹ್ನ ಮುದ್ದೆಯುಂಡು ಅಲ್ಲೇ ಮಲಗಿದ ಕೆಂಪತ್ತೆ, ಅಪ್ಪನ ಅಕ್ಕ, ನಿದ್ದೆಯಲ್ಲಿ ಹಲ್ಲು ಕಡಿಯುತ್ತಿದ್ದಳು.

ಎಂಥಾ ಹಲ್ಲು ಅವಳದು! ಕಬ್ಬನ್ನು ಕಚ್ಚಿ ಕತ್ತು ಒಮ್ಮೆ ಆಚೆ ತಿರುಗಿಸಿದರೆ ಗೆಣ್ಣಿನಿಂದ ಗೆಣ್ಣಿಗೆ ಸಿಪ್ಪೆ ಒಂದೇ ಸೀಳಾಗಿ ಬರುತ್ತಿತ್ತು. ಮಕ್ಕಳಿಗೆಲ್ಲ ಸುಲಿದುಕೊಟ್ಟು ತುದಿಯ ಸಪ್ಪೆ ತುಂಡು ತಾನು ತಿನ್ನುತ್ತಿದ್ದಳು. ಮಳವಳ್ಳಿ ಕಡೆಯ ಗಂಡನ ಮನೆಯಿಂದ ಒಂದು ಟ್ರಂಕು ಹಿಡಿದು ವಾಪಸು ಬಂದವಳು. ಯಾಕೆಂದು ಅವಳು ಹೇಳಲಿಲ್ಲ, ಮನೆಯವರು ಕೇಳಲಿಲ್ಲ. ನಿಮ್ಮ ಮನೆಯಲ್ಲೂ ಇಂಥವರೊಬ್ಬರು ಇದ್ದಿರಬೇಕು. ಎಚ್ಚರದಲ್ಲಿ ಅವಳ ಬಾಯಿಂದ ಒಂದು ಬಿರುಸು ಮಾತು ಬಂದದ್ದಿಲ್ಲ. ನಿದ್ದೆ ಹತ್ತಿತೋ, ಕಲ್ಲಿಗೆ ಕಲ್ಲು ಉಜ್ಜಿದಂತೆ ಸದ್ದು. ಪಕ್ಕದಲ್ಲಿ ಮಲಗಿದ ನನಗೆ ಹೆದರಿಕೆಯಲ್ಲ, ಬೆರಗು. ಇಷ್ಟು ಮೆತ್ತಗಿನವಳೊಳಗೆ ಇಷ್ಟು ಬಲ ಎಲ್ಲಿತ್ತು? ಅವಳ ಕೆನ್ನೆಗೆ ಅಂಗೈ ಹಚ್ಚಿ ನೋಡುತ್ತಿದ್ದೆ. ದವಡೆ ಕಲ್ಲಾಗಿರುತ್ತಿತ್ತು. ಸ್ವಲ್ಪ ಹೊತ್ತಿಗೆ ನನ್ನ ಕೈಯ ಕೆಳಗೇ ಸಡಿಲವಾಗುತ್ತಿತ್ತು.

ಹಲ್ಲು ಕಡಿದರೆ ಹೊಟ್ಟೆಯಲ್ಲಿ ಹುಳ ಎಂದೇ ನಮ್ಮಲ್ಲಿ ನಂಬಿಕೆ. ಅಮಾವಾಸ್ಯೆ ಬಂತೆಂದರೆ ಅಜ್ಜಿ ಬೇವಿನೆಲೆ ಅರೆದು ಉಂಡೆ ಕಟ್ಟಿ, ನಲವತ್ತು ದಾಟಿದ ಮಗಳನ್ನು ಮುಂದೆ ಕೂರಿಸಿಕೊಳ್ಳುತ್ತಿದ್ದಳು. "ಬಾಯ್ ತಗಿ ಕಣಮ್ಮಿ, ಉಳ ಎಲ್ಲಾ ಓಗ್ಲಿ." ಅತ್ತೆ ಮುಖ ಕಿವುಚದೆ ನುಂಗುತ್ತಿದ್ದಳು. ಕಡಿತ ಮಾತ್ರ ನಿಲ್ಲಲಿಲ್ಲ. ಸವೆದೂ ಸವೆದೂ ಒಂದು ದಿನ ಅವಳ ಹಲ್ಲು ಕಬ್ಬಿನಲ್ಲೇ ಮುರಿದು ಉಳಿಯಿತು. ಅವತ್ತೂ ಉಂಡೆ ಬಂತು. ನನಗೆ ರೇಗಿತು.

"ವಾಸಿಯೇ ಆಗ್ದಿದ್ ಮೇಲೆ ಯಾಕತ್ತೆ ನುಂಗ್ತೀಯ?"

ಅತ್ತೆ ನಕ್ಕಳು. ವಸಡಿನಲ್ಲಿ ಇನ್ನೂ ರಕ್ತವಿತ್ತು. "ಉಳ ಇಲ್ಲ ಅಂತ ನಂಗೂ ಗೊತ್ತು, ಅವ್ವಂಗೂ ಗೊತ್ತು ಕಣಮ್ಮಿ. ಅಲ್ಲಿ ಏನಾಯ್ತು ಅಂತ ನನ್ನ ಕೇಳಕ್ಕೆ ಅವ್ಳಿಗೆ ಬಾಯಿ ಬರಾಕಿಲ್ಲ. ಏನಾರ ಮಾಡ್ಬೇಕಲ್ಲ, ಉಂಡೆ ಕಟ್ತಾಳೆ. ಬುಡು, ನುಂಗ್ತೀನಿ."

ಈಗ ಇಬ್ಬರೂ ಇಲ್ಲ. ಜಗಲಿ ಕೆಡವಿದ ಜಾಗದಲ್ಲಿ ಗೊಬ್ಬರದ ಅಂಗಡಿಯ ಮೆಟ್ಟಿಲಿದೆ.

"ನಿದ್ದೇಲಿ ಹಲ್ಲು ಕಡೀತೀರಾ ಆಂಟಿ, ಒಂದು ಪಕ್ಕ ಪೂರಾ ಸವೆದಿದೆ," ಎಂದಳು ಡಾಕ್ಟರ್ ಹುಡುಗಿ.

"ಹುಳ ಏನಾದ್ರೂ ಇರಬೌದೇನಮ್ಮ?"

ಅವಳಿಗೆ ನಗು ಬಂತು. ಹುಳಕ್ಕೂ ಇದಕ್ಕೂ ಸಂಬಂಧವಿಲ್ಲ, ಕಾರಣ ಬೇರೆ ಬೇರೆ ಇರುತ್ತವೆ, ಒಳಗೇ ಇಟ್ಟುಕೊಂಡ ಚಿಂತೆಯೂ ಒಂದು ಎಂದಳು. "ಮನಸ್ಸಿಗೆ ಏನಾದ್ರೂ ಬೇಜಾರಿದೆಯಾ?"

"ಏನೂ ಇಲ್ಲ ಕಣಮ್ಮ," ಎಂದೆ. ಇರಲಿಲ್ಲವೆಂದಲ್ಲ.

ರಾತ್ರಿ ಹಲ್ಲಿಗೆ ಹಾಕಿಕೊಳ್ಳುವ ಕವಚಕ್ಕೆ ಅಳತೆ ಕೊಟ್ಟು ಕೆಳಗಿಳಿದೆ. ಗಾಣದ ಪಕ್ಕ ನಿಂತು ನನ್ನ ಕೆನ್ನೆಗೆ ನಾನೇ ಅಂಗೈ ಹಚ್ಚಿಕೊಂಡೆ. ಕಲ್ಲು. ಎಷ್ಟು ಹೊತ್ತು ಹಿಡಿದರೂ ಸಡಿಲವಾಗಲಿಲ್ಲ. ಉಂಡೆ ಹಿಡಿದು ಬಾಯ್ ತಗಿ ಕಣಮ್ಮಿ ಎನ್ನುವವರು ನನಗೆ ಈಗ ಯಾರೂ ಇಲ್ಲ.