ಗೋಸುಂಬೆಗಳಿಗೆ ‘ಈಗ’ ಬೇಕಿತ್ತು

೨೦೦೪ರಲ್ಲಿ ನಾನು ವಿಶಾಖಪಟ್ಟಣದಲ್ಲಿ ಒಂದು ಪುಟ್ಟ ಪ್ರಾಣಿ ಚಿಕಿತ್ಸಾಲಯ ನಡೆಸುತ್ತಿದ್ದೆ. ಅದಕ್ಕೂ ಮೊದಲು ಕೆಲವು ವರ್ಷ ವಿಜಯವಾಡದ ಪಟಮಟದಲ್ಲಿ ಇದೇ ಕೆಲಸ. ನಮ್ಮ ಯಜಮಾನರಿಗೆ ಇಲ್ಲಿನ ಕಾರ್ಖಾನೆಗೆ ವರ್ಗವಾದ್ದರಿಂದ ಟೌನ್‌ಶಿಪ್ಪಿಗೆ ಬಂದೆವು. ನಮ್ಮೂರು ಹಾವೇರಿ ಕಡೆ. ನಾಯಿ, ಬೆಕ್ಕು, ಎಮ್ಮೆ, ಅಪರೂಪಕ್ಕೊಂದು ಗಿಳಿ, ಇವೇ ನನ್ನ ರೋಗಿಗಳು. ಸರೀಸೃಪಗಳ ಬಗ್ಗೆ ಕಾಲೇಜಿನಲ್ಲಿ ಇದ್ದದ್ದು ಒಂದೇ ಅಧ್ಯಾಯ. ಅದೂ ಪರೀಕ್ಷೆಗೆ ಬರುವುದಿಲ್ಲ ಎಂದು ಯಾರೋ ಹೇಳಿದ್ದಕ್ಕೆ ಅರ್ಧಕ್ಕೇ ಬಿಟ್ಟಿದ್ದೆ.

ಆ ಜುಲೈನ ಒಂದು ಬೆಳಿಗ್ಗೆ ಸತ್ಯವತಿ ಗಾರು ಬಂದರು. ಪಟಮಟದವರು, ಸಸ್ಯಶಾಸ್ತ್ರ ಕಲಿಸಿ ನಿವೃತ್ತರಾದ ಲೆಕ್ಚರರ್. ಅವರ ಮುದಿ ನಾಯಿಯನ್ನು ಅದರ ಕೊನೆಯವರೆಗೂ ನಾನೇ ನೋಡಿಕೊಂಡಿದ್ದೆ. ವಿಜಯವಾಡದಿಂದ ರೈಲಿನಲ್ಲಿ ಬಂದ ಆಯಾಸ ಮುಖದ ಮೇಲೆ ಕಾಣುತ್ತಿತ್ತು. ಕೈಯಲ್ಲಿ ಒದ್ದೆ ಬಟ್ಟೆ ಮುಚ್ಚಿದ ಬೆತ್ತದ ಬುಟ್ಟಿ. ತೆಗೆದು ನೋಡಿದರೆ ದಾಸವಾಳದ ಕಡ್ಡಿಗಳಿಗೆ ಅಂಟಿಕೊಂಡ ಹನ್ನೊಂದು ಗೋಸುಂಬೆ ಮರಿಗಳು! ಒಂದೊಂದೂ ನನ್ನ ಕಿರುಬೆರಳಿಗಿಂತ ಚಿಕ್ಕದು.

“ಡಾಕ್ಟರಮ್ಮಾ, ಇವುಗಳ ಮನೆ ಅಗೆಸಿದವಳು ನಾನೇ,” ಎಂದರು. ನಮ್ಮ ಮಾತೆಲ್ಲ ತೆಲುಗಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ಹಿತ್ತಿಲಲ್ಲಿ ಬಾಡಿಗೆಗೆಂದು ಎರಡು ರೂಮು ಕಟ್ಟಿಸಲು ಹೊರಟಿದ್ದರಂತೆ. ಪಾಯ ತೋಡುವಾಗ ಗುದ್ದಲಿಗೆ ಮೊಟ್ಟೆಗಳು ಸಿಕ್ಕವು. ಅರ್ಧ ಒಡೆದೇ ಹೋದವು. ಉಳಿದವನ್ನು ಹೂಕುಂಡದ ಮಣ್ಣಿನಲ್ಲಿ ಹೂತು, ಕೆಲಸ ನಿಲ್ಲಿಸಿ ಕಾದರು. ಮರಿಗಳೇನೋ ಹೊರಬಂದವು, ಆದರೆ ಒಂದೂ ತಿನ್ನಲಿಲ್ಲ. “ಊಸರವಳ್ಳಿಗೆ ಬಾಣಂತನ ಮಾಡ್ತಿದ್ದೀಯಾ ಅಂತ ನಮ್ಮಣ್ಣ ನಗ್ತಾನೆ. ನಗಲಿ. ಇವು ಹೋದರೆ ಆ ಜಾಗದಲ್ಲಿ ನಾನು ಇನ್ನೊಬ್ಬರಿಗೆ ಮನೆ ಹೇಗಮ್ಮಾ ಕಟ್ಟಿಸಲಿ?”

ನನ್ನಿಂದಾಗದು ಎನ್ನುವ ಮಾತು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ಗೋಸುಂಬೆ ಕಾಡುಪ್ರಾಣಿ, ಕಾನೂನಿನ ಪ್ರಕಾರ ಸಾಕುವಂತಿಲ್ಲ. ಅರಣ್ಯ ಇಲಾಖೆಗೆ ತಿಳಿಸಿದೆ. ಗುಣವಾದ ಮೇಲೆ ಸಿಕ್ಕಿದ ಜಾಗದಲ್ಲೇ ಬಿಡಬೇಕು ಎಂಬ ಷರತ್ತಿನ ಮೇಲೆ ಒಪ್ಪಿಗೆ ಸಿಕ್ಕಿತು. ಸತ್ಯವತಿ ಗಾರು ಊರಿಗೆ ಹೋಗಲು ಒಲ್ಲೆನೆಂದು ಇಲ್ಲೇ ತಂಗಿಯ ಮನೆಯಲ್ಲಿ ಉಳಿದರು.

ಮರಿಗಳ ಸ್ಥಿತಿ ಕೆಟ್ಟದಾಗಿತ್ತು. ಕಣ್ಣು ಒಳಕ್ಕೆ ಇಳಿದಿದ್ದವು, ಹಗಲಲ್ಲೇ ಮುಚ್ಚಿಕೊಳ್ಳುತ್ತಿದ್ದವು. ಎಳೆ ಹಸಿರು ಇರಬೇಕಾದ ಮೈ ಸುಟ್ಟ ರೊಟ್ಟಿಯ ಬಣ್ಣಕ್ಕೆ ತಿರುಗಿತ್ತು. ಇದು ಡಿಹೈಡ್ರೇಶನ್, ಅಂದರೆ ಮೈಯ ನೀರು ಆರಿಹೋಗಿರುವುದು. ಬುಟ್ಟಿಯಲ್ಲಿ ಒಂದು ಮುಚ್ಚಳದ ತುಂಬ ನೀರಿತ್ತು, ಆದರೂ! ಹೈದರಾಬಾದಿನಲ್ಲಿದ್ದ ನನ್ನ ಸಹಪಾಠಿಗೆ ಫೋನ್ ಮಾಡಿದೆ. “ನಿಂತ ನೀರು ಅವಕ್ಕೆ ನೀರು ಅಂತಲೇ ಗೊತ್ತಾಗಲ್ಲ ಕಣೇ. ಎಲೆ ಮೇಲಿನ ಹನಿ ನೆಕ್ಕುತ್ತವೆ,” ಎಂದಳು. ಬಟ್ಟೆಗೆ ನೀರು ಚಿಮುಕಿಸುವ ಬಾಟಲಿಯಿಂದ ಎಲೆಗಳ ಮೇಲೆ ಮಂಜಿನ ಹಾಗೆ ಸಿಂಪಡಿಸಿದೆ. ಕುಡಿದವು. ಮೂರು ನಾಲ್ಕು ಸಲ ಹೀಗೆ ಮಾಡಿದ ಮೇಲೆ ಕಣ್ಣುಗಳು ತುಂಬಿಕೊಂಡವು.

ಆದರೆ ಊಟ? ಮಿಡತೆಯನ್ನು ಸಣ್ಣಗೆ ಕತ್ತರಿಸಿ, ಚಿಮಟದಲ್ಲಿ ಹಿಡಿದು ಬಾಯಿಯ ಮುಂದೆ ಆಡಿಸಿದೆ. ಮುಖ ತಿರುಗಿಸಿದವು. ಮೊಟ್ಟೆಯ ಹಳದಿ ಕೊಟ್ಟು ನೋಡಿದೆ. ಬಾಯಿಯನ್ನು ಬಲವಂತವಾಗಿ ತೆರೆಸಲು ಹೋದರೆ ದವಡೆ ಮುರಿಯುವ ಭಯ. ಎರಡು ಮರಿಗಳು ಸತ್ತವು. ಸತ್ಯವತಿ ಗಾರು ಅವನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಹೋದರು, ನನ್ನನ್ನು ಒಂದು ಮಾತೂ ಕೇಳಲಿಲ್ಲ. ಕೇಳಿದ್ದರೇ ಚೆನ್ನಾಗಿತ್ತು ಅನ್ನಿಸಿ ನನಗೆ ಅಳು ಬಂತು.

ಮರುದಿನ ಅತಿ ಚಿಕ್ಕ ಮರಿ ಕಡ್ಡಿಯಿಂದ ಜಾರಿ ಕೆಳಗೆ ಬಿತ್ತು. ಅದನ್ನು ಅಂಗೈಯಲ್ಲಿ ಹಿಡಿದುಕೊಂಡು, ಬಿಸಿನೀರಿನ ಬಟ್ಟಲಲ್ಲಿ ಇಟ್ಟಿದ್ದ ಸಲೈನ್ ಬಾಟಲಿಯ ಕಡೆ ಕೈ ತೋರಿಸಿ, ನಮ್ಮ ಅಟೆಂಡರ್ ಅಪ್ಪಾರಾವ್ ಗಾರಿಗೆ ಕೂಗಿದೆ. ನನ್ನ ತೆಲುಗು ಸಾವಧಾನದ ತೆಲುಗು. ಗಾಬರಿಯಾದರೆ ಬಾಯಿಗೆ ಬರುವುದು ಕನ್ನಡವೇ.

“ಬೇಕು! ಈಗ ಬೇಕು! ಈಗ, ಈಗ!”

ಅವರು ಮರಿಯನ್ನು ನೋಡಿದರು, ನನ್ನನ್ನು ನೋಡಿದರು, ಚಪ್ಪಲಿ ಮೆಟ್ಟಿಕೊಂಡು ಬಾಗಿಲಾಚೆ ಓಡಿಯೇಬಿಟ್ಟರು. ನನಗೆ ಮೈಯೆಲ್ಲ ಉರಿಯಿತು. ಮೂರು ಹೆಜ್ಜೆಯಲ್ಲಿದ್ದ ಬಾಟಲಿ ಕಾಣದೆ ಈ ಮನುಷ್ಯ ಎಲ್ಲಿಗೆ ಓಡಿದ? ಸತ್ಯವತಿ ಗಾರೇ ಬಾಟಲಿ ತಂದುಕೊಟ್ಟರು. ಮರಿಯ ಹೊಟ್ಟೆಯೊಳಕ್ಕೆ ಸಣ್ಣ ಸೂಜಿಯಿಂದ ಒಂದು ಹನಿಯಷ್ಟು ಸಲೈನ್ ಇಳಿಸಿದೆ. ಉಸಿರು ನಿಲ್ಲಲಿಲ್ಲ.

ಸ್ವಲ್ಪ ಹೊತ್ತಿಗೆ ಅಪ್ಪಾರಾವ್ ಗಾರು ಏದುಸಿರು ಬಿಡುತ್ತ ಬಂದರು. ಕೈಯಲ್ಲಿ ಬಟ್ಟೆ ಕಟ್ಟಿದ ಜಾಮ್ ಬಾಟಲಿ. ಒಳಗೆ ಎಳ್ಳಿನ ಗಾತ್ರದ ನೊಣಗಳು ಗುಂಯ್ ಎನ್ನುತ್ತಿದ್ದವು. ಕಬ್ಬಿನ ಹಾಲಿನ ಗಾಡಿಯ ಪಕ್ಕದ ಸಿಪ್ಪೆ ರಾಶಿಯಲ್ಲಿ ಹಿಡಿದದ್ದಂತೆ.

“ಇದೇನ್ರೀ ಇದು?” ಎಂದು ಕಿರುಚಿದೆ.

“ಮೀರೇ ಕದಾ ಮೇಡಂ, ಈಗ ಬೇಕು, ಈಗ ಬೇಕು ಅನ್ನಾರು!”

ನೀವೇ ತಾನೇ ಹಾಗಂದದ್ದು, ಎನ್ನುತ್ತಿದ್ದರು. ತೆಲುಗಿನಲ್ಲಿ ‘ಈಗ’ ಎಂದರೆ ನೊಣ. ‘ಬೇಕು’ ಎಂಬುದನ್ನು ಅವರು ನನ್ನ ಬಾಯಿಂದ ಕೇಳಿ ಕೇಳಿ ಕಲಿತಿದ್ದರು. ಮೇಡಂಗೆ ನೊಣ ಬೇಕು ಎಂದು ಪಾಪ, ಬಿಸಿಲಲ್ಲಿ ಓಡಿದ್ದರು. ಸತ್ಯವತಿ ಗಾರು ಬಂದ ಮೇಲೆ ಮೊದಲ ಸಲ ನಕ್ಕರು. ನಗುತ್ತಲೇ ಬಾಟಲಿ ಇಸಿದುಕೊಂಡು, ಮರಿಗಳಿದ್ದ ಸೊಳ್ಳೆಪರದೆಯ ಗೂಡಿನೊಳಗೆ ಬಟ್ಟೆ ಬಿಚ್ಚಿಬಿಟ್ಟರು.

ಒಂದು ನೊಣ ಎಲೆಯ ಮೇಲೆ ಕೂತು ಕಾಲು ಉಜ್ಜಿಕೊಂಡಿತು. ಒಂದು ಮರಿಯ ಎಡಗಣ್ಣು ಅದರತ್ತ ತಿರುಗಿತು. ಆಮೇಲೆ ಬಲಗಣ್ಣೂ ತಿರುಗಿತು. ಫಟ್ಟನೆ ನಾಲಿಗೆ ಹೋಗಿ ಬಂತು, ಎಲೆ ಖಾಲಿ! ಅಯ್ಯೋ ದೇವರೇ, ನಾನು ಆ ಸಂತೋಷಕ್ಕೆ ಅಪ್ಪಾರಾವ್ ಗಾರ ಕೈ ಹಿಡಿದು ಕುಲುಕಿದ್ದೇ ಕುಲುಕಿದ್ದು. ಸಂಜೆಯೊಳಗೆ ಆರು ಮರಿಗಳು ತಿಂದವು, ಮರುದಿನ ಇನ್ನೆರಡು. ಆ ಪುಟಾಣಿ ಮಾತ್ರ ಎರಡು ದಿನ ಸತಾಯಿಸಿ, ಕೊನೆಗೆ ಎಲ್ಲಕ್ಕಿಂತ ಹೊಟ್ಟೆಬಾಕ ಆಯಿತು.

ಈಗ ನೊಣ ಸಾಕುವ ಕೆಲಸ ಶುರು. ಕೊಳೆತ ಬಾಳೆಹಣ್ಣು, ಬೆಲ್ಲ ಹಾಕಿದ ಬಾಟಲಿಗಳು ನಮ್ಮ ಮನೆಯ ವರಾಂಡದಲ್ಲಿ ಸಾಲಾಗಿ ನಿಂತವು. ನೊಣಗಳಿಗೆ ಕ್ಯಾಲ್ಸಿಯಂ ಪುಡಿ ಸವರಿ ಬಿಡುವುದು, ಎಳೆ ಮೂಳೆ ಗಟ್ಟಿಯಾಗಲಿ ಎಂದು. ಬೆಳಗಿನ ಎಳೆಬಿಸಿಲಿಗೆ ಗೂಡನ್ನು ಹೊರಗಿಡುವುದು. ಒಂದು ಭಾನುವಾರ ಅಪ್ಪಾರಾವ್ ಗಾರ ಊರಾದ ಅನಕಾಪಲ್ಲಿಯ ಬೆಲ್ಲದ ಮಂಡಿಗೆ ಹೋಗಿ, “ನೊಣ ಮುತ್ತಿದ ಹಳೇ ಬೆಲ್ಲ ಇದೆಯಾ?” ಎಂದು ಕೇಳಿದೆ. ಆ ವ್ಯಾಪಾರಿ ಕೆಂಡಾಮಂಡಲವಾದ. “ಮಾ ಷಾಪುಲೋ ಈಗಲಾ!” ನಮ್ಮ ಅಂಗಡಿಯಲ್ಲಿ ನೊಣಗಳೇ ಎಂದು ಎದ್ದೇ ನಿಂತ. ನಾನು ತಪಾಸಣೆಗೆ ಬಂದ ಅಧಿಕಾರಿ ಇರಬೇಕು ಎಂದು ಅವನ ಅನುಮಾನ. ಬಹಳ ಸಮಾಧಾನ ಹೇಳಿದ ಮೇಲೆ ಒಂದು ಕರಗಿದ ಅಚ್ಚು ಕೊಟ್ಟ. ಮನೆಯಲ್ಲಿ ಯಜಮಾನರದು ಬೇರೆ ರಾಗ. “ಮೊನ್ನಿತನಾ ಒಂದ್ ನೊಣಾ ಕಂಡ್ರ ನನ್ ಮ್ಯಾಲೆ ಹಾರಾಡ್ತಿದ್ದಿ. ಈಗ ನೋಡಿದ್ರ ಅವಕ್ಕ ಬಾಳಿಹಣ್ಣು, ನನಗ ಸಿಪ್ಪಿ!”

ಆಗಸ್ಟ್ ಕೊನೆಗೆ ಒಂಬತ್ತೂ ಮರಿಗಳು ಎಳೆ ಹುಣಸೆ ಚಿಗುರಿನ ಬಣ್ಣಕ್ಕೆ ಬಂದವು. ಅರಣ್ಯ ಇಲಾಖೆಯವರ ಎದುರಲ್ಲೇ ಪಟಮಟದ ಹಿತ್ತಿಲ ಬೇಲಿಗೆ ಬಿಟ್ಟೆವು. ಪಾಯದ ಗುಂಡಿಯನ್ನು ಸತ್ಯವತಿ ಗಾರು ಮುಚ್ಚಿಸಿದ್ದರು. ರೂಮುಗಳನ್ನು ಮಾಳಿಗೆಯ ಮೇಲೆ ಕಟ್ಟಿಸಿದರು. ಮೆಟ್ಟಿಲು ಹತ್ತಲಾರೆ ಎಂದು ಗೊಣಗುತ್ತಲೇ ಕಟ್ಟಿಸಿದರು.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು: ರೋಗಿಗೆ ತಿನ್ನಿಸುವುದು ಬೇರೆ, ರೋಗಿ ತಾನಾಗಿ ತಿನ್ನುವಂತೆ ಮಾಡುವುದು ಬೇರೆ. ನಾನು ಮೊದಲನೆಯದಕ್ಕೆ ಚಿಮಟ ಹಿಡಿದು ಒದ್ದಾಡುತ್ತಿದ್ದೆ. ಆಮೇಲೆ ನಾಯಿಯಿರಲಿ, ಎಮ್ಮೆಯಿರಲಿ, ಬಾಯಿ ತೆರೆಸುವ ಮುಂಚೆ ಅದರ ಕಣ್ಣು ಯಾವುದರ ಹಿಂದೆ ಹೋಗುತ್ತದೆ ಎಂದು ನೋಡುವುದು ನನಗೆ ಅಭ್ಯಾಸವಾಯಿತು.

ಮಾರನೆಯ ವರ್ಷ ಮಳೆ ಶುರುವಾದ ಮೇಲೆ ಒಂದು ಮಧ್ಯಾಹ್ನ ಸತ್ಯವತಿ ಗಾರ ಫೋನ್ ಬಂತು. ಬೇಲಿಯಲ್ಲಿ ಗೇಣುದ್ದದ ಗೋಸುಂಬೆ ಕಂಡಿದೆಯಂತೆ. ಅದು ಓಡಿಹೋದೀತೆಂದು ಪಿಸುಗುಟ್ಟುತ್ತಿದ್ದರು.

“ಏನ್ ಮಾಡ್ತಿದೆ?” ನನ್ನ ಬಾಯಿಂದ ಕನ್ನಡವೇ ಬಂತು, ಆದರೂ ಅವರಿಗೆ ಅರ್ಥವಾಯಿತು.

“ಈಗ ತಿಂಟೋಂದಿ ಡಾಕ್ಟರಮ್ಮಾ,” ಎಂದರು.

ನೊಣ ತಿನ್ನುತ್ತಿದೆ ಎಂದರು ಅವರು. ಈಗ ತಿನ್ನುತ್ತಿದೆ ಎಂದು ಕೇಳಿಸಿತು ನನಗೆ. ಎರಡೂ ನಿಜವೇ ಆಗಿತ್ತು.