ಒಬ್ಬಟ್ಟಿನ ಕಣಕ ಹಚ್ಚಿದ ವೂಫರ್ ಡಬ್ಬ

ಸ್ವಲ್ಪ ತಾಳಿ. ಕಾರಿನ ಡಿಕ್ಕಿಯೊಳಗೆ ಒಬ್ಬಟ್ಟಿನ ಕಣಕ ಹೆಂಗೆ ಹೋಯ್ತು ಅನ್ನೋದು ಬರುತ್ತೆ. ಆದ್ರೆ ಅದಕ್ಕೆ ಮೊದ್ಲು ಡಬ್ಬ ಏನು ಅಂತ ಹೇಳ್ಬೇಕು. ಡಬ್ಬ ಗೊತ್ತಾಗದೆ ಕಣಕದ ಮಾತಾಡಿದ್ರೆ ನೀವು ನನ್ನ ಹುಚ್ಚ ಅಂತೀರಿ. ನಮ್ಮ ಭಾವ ಆಗ್ಲೇ ಅಂದಿದಾರೆ, ಅವರೊಬ್ರೇ ಸಾಕು.

ಆಗ ಎಂಬತ್ತರ ದಶಕ ಅರ್ಧ ದಾಟಿತ್ತು. ನಾನು ಪಿಯುಸಿ ಮುಗಿಸಿ, ಮೂಡಲಪಾಳ್ಯದ ನಮ್ಮ ಬಾಡಿಗೆ ಮನೇಲಿ ಅವರಿವರ ರೇಡಿಯೋ, ಟೇಪ್ ರೆಕಾರ್ಡರ್ ಬಿಚ್ಕೊಂಡು ಕೂತಿರ್ತಿದ್ದೆ. ಯಾರೂ ಕಲಿಸ್ಲಿಲ್ಲ. ಬಿಚ್ಚೋದು, ವಾಪಸ್ ಜೋಡಿಸೋದು, ಕೊನೇಲಿ ಒಂದು ಸ್ಕ್ರೂ ಉಳಿಯೋದು, ಅದು ಎಲ್ಲಿಂದು ಅಂತ ಮತ್ತೆ ಬಿಚ್ಚೋದು. ಹಂಗೇ ಕಲಿತಿದ್ದು. ಅವೆನ್ಯೂ ರೋಡ್ ಫುಟ್‌ಪಾತಲ್ಲಿ ಸಿಕ್ಕ ಒಂದು ಹಳೇ ಫಾರಿನ್ ಮ್ಯಾಗಜಿನ್ನಲ್ಲಿ ಸಬ್‌ವೂಫರ್ ಅಂತ ಒಂದು ಫೋಟೋ ನೋಡಿದೆ. ಬರೀ ದಪ್ಪ ಶಬ್ದಕ್ಕೆ, ಡೋಲು ತಮಟೆ ಎದೆಗೆ ಗುದ್ದುತ್ತಲ್ಲ ಆ ಶಬ್ದಕ್ಕೆ ಅಂತಲೇ ಒಂದು ದೊಡ್ಡ ಸ್ಪೀಕರ್ರು, ಅದಕ್ಕೊಂದು ಮುಚ್ಚಿದ ಡಬ್ಬ. ಡಬ್ಬ ಮರದ್ದಲ್ಲ, ಫೈಬರ್ ಗ್ಲಾಸಿಂದು. ಕಾರಿನ ಡಿಕ್ಕಿ ಮೂಲೆ ಹೆಂಗೆ ಬಗ್ಗಿತ್ತೋ ಡಬ್ಬಾನೂ ಹಂಗೇ ಬಗ್ಗಿ ಕೂತಿತ್ತು. ಅವತ್ತಿಂದ ತಲೇಲಿ ಅದೊಂದೇ.

ಕಾರು ಭಾವಂದು, ಅಂದ್ರೆ ನಮ್ಮಕ್ಕನ ಗಂಡಂದು. ಕೆಂಗೇರಿ ಹಳೇ ಊರಿನ ಒಕ್ಕಲು ಮನೆತನ. ಹೊಲ ಅಣ್ಣಂಗೆ ಬಿಟ್ಟು ಇವರು ಬಿಳೀ ಅಂಬಾಸಿಡರಲ್ಲಿ ಟೂರಿಸ್ಟ್ ಟ್ಯಾಕ್ಸಿ ಓಡಿಸ್ತಿದ್ರು. ಮದುವೆ ಪಾರ್ಟಿ ಕರ್ಕೊಂಡು ಹೋಗೋವಾಗ ಟೇಪಿನ ಹಾಡು ಹಿಂದಿನ ಸೀಟಿಗೆ ಹೋಗೋಷ್ಟರಲ್ಲಿ ಸೊಳ್ಳೆ ಥರ ಆಗುತ್ತೆ ಅನ್ನೋದು ಅವರ ಬೇಜಾರು. ಫೋಟೋ ತೋರಿಸಿದೆ. ಸೂಟ್‌ಕೇಸಿಗೆ ಜಾಗ ಉಳಿಯುತ್ತಾ ಅಂತ ಒಂದೇ ಒಂದು ಕೇಳಿದ್ರು. ಉಳಿಯುತ್ತೆ ಅಂದೆ. ಮಾಡು ಅಂದ್ರು.

ಮಾಡೋಕೆ ಜಾಗ ಎಲ್ಲಿ? ಒಂದ್ಸಲ ನಮ್ಮನೆ ಹಿತ್ಲಲ್ಲಿ ಅಂಗೈಯಗಲ ಫೈಬರ್ ಮಾಡಿ ನೋಡಿದ್ದರ ಘಾಟಿಗೇ ಮಹಡಿ ಮೇಲಿನ ಓನರ್ ಆಂಟಿ ಇಳಿದು ಬಂದು, ದೇವರ ಮನೇಲಿ ಕೂರೋಕಾಗ್ತಿಲ್ಲ, ಇನ್ನೊಂದ್ಸಲ ಈ ವಾಸನೆ ಬಂದ್ರೆ ಮನೆ ಖಾಲಿ ಮಾಡಿ ಅಂದಿದ್ರು. ಅಪ್ಪ ಫ್ಯಾಕ್ಟರೀಲಿ ಟರ್ನರ್. ಅವರು ನನ್ನ ಬೈಲಿಲ್ಲ. ಕೆಲಸ ಅಂದ್ಮೇಲೆ ಅದಕ್ಕೊಂದು ಜಾಗ ಇರ್ಬೇಕು, ಜಾಗ ಇಲ್ದಿದ್ರೆ ಅದು ಆಟ, ಅಂತ ಮಾತ್ರ ಅಂದ್ರು. ಬೈದಿದ್ರೇ ವಾಸಿಯಾಗಿತ್ತು.

ರಾಜಾಜಿನಗರದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಒಂದು ಫೈಬರ್ ಶೆಡ್ ಇತ್ತು. ಸ್ಕೂಟರ್ ಸೈಡ್ ಬಾಕ್ಸು, ನೀರಿನ ಟ್ಯಾಂಕ್ ಮುಚ್ಚಳ ಮಾಡೋರು. ನಾನು ವಾರದಲ್ಲಿ ಮೂರು ದಿನ ಹೋಗಿ ಅದರ ಬಾಗಿಲಲ್ಲಿ ನಿಂತ್ಕೊಳ್ತಿದ್ದೆ. ಮೊದ್ಲು ಅಚ್ಚನ್ನ ಬಟ್ಟೇಲಿ ತಿಕ್ಕೋರು. ಅದರ ಮೇಲೆ ಗಾಜಿನ ನಾರಿನ ಮ್ಯಾಟ್ ಹಾಸೋರು. ನೋಡೋಕೆ ಹತ್ತಿ ಥರ, ಮುಟ್ಟಿದ್ರೆ ಎರಡು ದಿನ ಕೆರೆತ. ಆಮೇಲೆ ಜೇನುತುಪ್ಪದಂಗಿರೋ ರೆಸಿನ್ ಅನ್ನೋ ಅಂಟಿಗೆ ಅದನ್ನ ಗಟ್ಟಿ ಮಾಡೋ ಹಾರ್ಡ್‌ನರ್ ಕಲಸಿ ಬ್ರಶ್ಶಲ್ಲಿ ಮ್ಯಾಟಿಗೆ ಕುಡಿಸೋರು. ಕಾಫಿಗೆ ಹೋಗಿ ಬರೋಷ್ಟರಲ್ಲಿ ಗಟ್ಟಿ. ಅಚ್ಚಿಂದ ಟಪ್ ಅಂತ ಎದ್ದು ಬರ್ತಿತ್ತು, ತಟ್ಟೆಯಿಂದ ಇಡ್ಲಿ ಎದ್ದಂಗೆ.

ಆ ಶೆಡ್ಡಿನ ಹಿಂದಿನ ಬಾಗಿಲ ಪಕ್ಕ ಒಂದು ಮೂಲೆ ಖಾಲಿ ಇತ್ತು. ಒಂದು ಮೇಜು ಹಿಡಿಯೋಷ್ಟು ಜಾಗ, ಒಂದು ಕಿಟಕಿ. ನಾನು ಒಂದಿನ ಧೈರ್ಯ ಮಾಡಿ ಯಜಮಾನ್ರ ಹತ್ರ ಕೇಳ್ದೆ. ನಾನು ಕಾರಿಗೆ ಸ್ಪೀಕರ್ ಡಬ್ಬ ಮಾಡ್ತೀನಿ, ನಿಮ್ಮ ಕೆಲಸಾನೂ ಮಾಡಿಕೊಡ್ತೀನಿ, ಆ ಮೂಲೆ ಕೊಡ್ತೀರಾ ಅಂತ. ಅವರು ಮೀಸೆಗೆ ಅಂಟಿದ ಫೈಬರ್ ಪುಡಿ ಕೊಡವಿಕೊಂಡು, ಮೊದ್ಲು ಒಂದು ಡಬ್ಬ ಮಾಡಿ ತೋರ್ಸು ಅಂದ್ರು. ಹಬ್ಬ ಆದ್ಮೇಲೆ ಆ ಮೂಲೇಲಿ ಟ್ಯಾಂಕ್ ಮುಚ್ಚಳ ಪೇರಿಸಿಡ್ಬೇಕು ಅಂತಿದ್ರಂತೆ, ಅದಕ್ಕೇ ಹಬ್ಬದವರೆಗೆ ಗಡುವು ಕೊಟ್ರು.

"ಆಯುಧಪೂಜೆ ದಿನ ಕಾರ್ ಇಲ್ಲಿಗೆ ತಗೊಂಡ್ ಬಾ. ಡಬ್ಬ ಎಲ್ಲೂ ಉಸಿರು ಬಿಡಬಾರ್ದು. ಬಿಡದಿದ್ರೆ ಮೂಲೆ ನಿಂದು. ಬಿಟ್ರೆ ನಿಂಗೆ ಬಾಗಿಲೇ."

ಉಸಿರು ಅಂದ್ರೆ ಇಷ್ಟೇ. ವೂಫರ್ ಮುಂದಕ್ಕೂ ಹಿಂದಕ್ಕೂ ಗಾಳಿ ತಳ್ಳುತ್ತೆ. ಹಿಂದಿನ ಗಾಳಿ ಡಬ್ಬದೊಳಗೇ ಬಂದಿಯಾಗಿರ್ಬೇಕು. ಎಲ್ಲಾದ್ರೂ ಕೂದಲೆಳೆಯಷ್ಟು ಬಿರುಕಿದ್ರೆ ಪುಸ್ ಪುಸ್ ಅಂತ ಸದ್ದು ಬರುತ್ತೆ, ಡೋಲಿನ ಗುದ್ದು ಹೋಗುತ್ತೆ.

ಕೆಲಸ ಶುರುವಾಗಿದ್ದು ಕೆಂಗೇರೀಲಿ, ಭಾವನ ಮನೆ ಅಂಗಳದಲ್ಲಿ. ಡಿಕ್ಕಿಯ ಎಡಗಡೆ ಮೂಲೇನೇ ಅಚ್ಚು. ಅದರ ಮೇಲೇ ನೇರ ಮ್ಯಾಟ್ ಹಾಸಿ, ಗಟ್ಟಿಯಾದ್ಮೇಲೆ ಎಬ್ಬಿಸಿ, ಮುಂದಕ್ಕೆ ಪ್ಲೈವುಡ್ ಹಲಗೆ ಕೂರಿಸಿ, ಹಲಗೇಲಿ ವೂಫರ್ ಹಾಕೋದು ಲೆಕ್ಕ. ಅಂಟದೇ ಇರೋಕೆ ಏನಾದ್ರೂ ಸವರ್ಬೇಕಲ್ಲ. ಶೆಡ್ಡಲ್ಲಿ ಬಟ್ಟೇಲಿ ತಿಕ್ಕೋದು ನೋಡಿದ್ದೆ. ಬಾಗಿಲಲ್ಲಿ ನಿಂತೋನಿಗೆ ಬಟ್ಟೆ ಕಾಣುತ್ತೆ, ಬಟ್ಟೇಲಿ ಏನಿದೆ ಅಂತ ಕಾಣಲ್ಲ. ನಮ್ಮಮ್ಮ ಇಡ್ಲಿ ತಟ್ಟೆಗೆ ಏನು ಸವರ್ತಾರೆ? ಎಣ್ಣೆ. ಭಾವನ ತಾಯಿ ಹತ್ರ ಒಂದು ಬಟ್ಟಲು ಕೊಬ್ರಿ ಎಣ್ಣೆ ಇಸ್ಕೊಂಡು ಡಿಕ್ಕಿಗೆಲ್ಲ ಸವರಿದೆ. ಕೂಸಿಗೆ ಹಚ್ಚೋ ಎಣ್ಣೆ ಕಾರಿಗೂ ಬೇಕಾ ಅಂದ್ರು ಅವರು.

ಮೂರು ಪದರ ಹಾಕ್ದೆ. ಗಟ್ಟಿಯಾಯ್ತು. ಚೆನ್ನಾಗೇ ಗಟ್ಟಿಯಾಯ್ತು. ಎದ್ದು ಬರ್ಲಿಲ್ಲ.

ಮರದ ಸುತ್ತಿಗೇಲಿ ತಟ್ಟಿದೆ, ಬಿಸಿ ನೀರು ಹುಯ್ದೆ. ಆಮೇಲೆ ಭಾವ ಡಿಕ್ಕಿಯೊಳಗೇ ಹತ್ತಿ ಕೂತು ಕಾಲು ಕೊಟ್ಟು ನೂಕಿದ್ರು, ನಾನು ಹೊರಗಿಂದ ಎಳೆದೆ. ಬಂತು. ಡಿಕ್ಕಿಯ ಬಿಳೀ ಪೇಂಟನ್ನೂ ಜೊತೇಲಿ ಕರ್ಕೊಂಡೇ ಬಂತು. ಕೆಳಗಿನ ಅಂಚಲ್ಲಿ ಚಟ್ ಅಂತ ಒಂದು ಬಿರುಕು ಬೇರೆ.

"ಬಾಮೈದ, ಡಬ್ಬ ಮಾಡೋ ಅಂದ್ರೆ ಕಾರಿನ ಚರ್ಮ ಸುಲಿದ್ಯಲ್ಲೋ," ಅಂದ್ರು ಭಾವ. ಕೋಪ ಇತ್ತು, ಆದ್ರೆ ಆಗ್ಲೇ ಟ್ಯಾಕ್ಸಿ ಸ್ಟ್ಯಾಂಡಲ್ಲೆಲ್ಲ ಹಬ್ಬಕ್ಕೆ ನನ್ನ ಕಾರಲ್ಲಿ ತಮಟೆ ಕೇಳಿ ಅಂತ ಹೇಳ್ಕೊಂಡು ಬಂದಿದ್ರು. ಹಿಂದೆ ಹೋಗೋ ಹಂಗಿರ್ಲಿಲ್ಲ. ಸುಲಿದ ಜಾಗದ ಮೇಲೆ ರಬ್ಬರ್ ಮ್ಯಾಟ್ ಹಾಸಿ ಮುಚ್ಚಿದ್ರು. ನಾನು ಬಿರುಕಿನ ಮೇಲೆ ತೆಳ್ಳಗೆ ರೆಸಿನ್ ಬಳಿದು, ಕಪ್ಪು ಬಣ್ಣ ಹೊಡೆದು, ಹಲಗೆ ಕೂರಿಸಿ, ವೂಫರ್ ಬಿಗಿದೆ. ಹಬ್ಬದ ಹಿಂದಿನ ಸಂಜೆ ಡಿಕ್ಕೀಲಿ ಕೂರಿಸಿ ಸಣ್ಣ ವಾಲ್ಯೂಮಲ್ಲಿ ಕೇಳಿದ್ವಿ. ಸೊಗಸಾಗಿತ್ತು. ಜೋರಾಗಿ ಹಾಕಿ ನೋಡ್ಲಿಲ್ಲ. ನಿಜ ಹೇಳ್ಬೇಕಂದ್ರೆ ನಂಗೆ ಭಯ ಇತ್ತು.

ಹಬ್ಬದ ಬೆಳಿಗ್ಗೆ ಭಾವ, ಅಕ್ಕ ಕಾರ್ ತಗೊಂಡು ನಮ್ಮನೆಗೆ ಬಂದ್ರು. ಬಾಗಿಲ ಮುಂದೆ ತೊಳೆದು, ಹಾರ ಹಾಕಿ, ಬಾನೆಟ್ಟಿಗೆ ಮೂರು ಪಟ್ಟೆ ವಿಭೂತಿ ಎಳೆದ್ವಿ. ಡಿಕ್ಕಿ ತೆಗೆದು ಡಬ್ಬಕ್ಕೂ ಅಕ್ಕ ಅರಿಶಿನ ಕುಂಕುಮ ಇಟ್ಲು. ಆಮೇಲೆ ಭಾವ ಟೇಪ್ ಜೋರು ಮಾಡಿದ್ರು. ಡಬ್ಬ ಉಸಿರು ಬಿಡ್ತು. ಪುಸ್, ಪುಸ್, ಪುಸ್. ದಮ್ಮಿರೋ ತಾತ ಮೆಟ್ಟಿಲು ಹತ್ತಿದಂಗೆ. ಬಗ್ಗಿ ನೋಡಿದ್ರೆ ಅದೇ ಬಿರುಕು, ಬಳಿದಿದ್ದ ರೆಸಿನ್ ಸೀಳಿತ್ತು.

ಹತ್ತು ನಿಮಿಷದ ಕೆಲಸ. ಸ್ಕ್ರೂ ಬಿಚ್ಚಿ, ಒಳಗಿಂದ ಒಂದು ತುಂಡು ಮ್ಯಾಟ್ ಇಟ್ಟು ರೆಸಿನ್ ಕುಡಿಸಿದ್ರೆ ಆಯ್ತು. ಸ್ಕ್ರೂಡ್ರೈವರ್ ತರೋಕೆ ಒಳಗೆ ಓಡಿದೆ. ದೇವರ ಮುಂದೆ ಮಣೆ ಮೇಲೆ ಎಲ್ಲಾ ಸಾಲಾಗಿ ಕೂತಿತ್ತು. ಅಪ್ಪನ ಮೈಕ್ರೋಮೀಟರ್, ಸ್ಪ್ಯಾನರ್‌ಗಳು, ಅಮ್ಮನ ಈಳಿಗೆಮಣೆ, ಕತ್ತರಿ, ನನ್ನ ಸ್ಕ್ರೂಡ್ರೈವರ್, ಸಾಲ್ಡ್ರಿಂಗ್ ಐರನ್, ಬ್ರಶ್ಶು. ಕೊನೇಲಿ ನನ್ನ ರೆಸಿನ್ ಡಬ್ಬಿ, ಹಾರ್ಡ್‌ನರ್ ಬಾಟ್ಲಿ. ಎಲ್ಲಕ್ಕೂ ಕುಂಕುಮ ಬಿದ್ದಿತ್ತು, ಮಂಗಳಾರತಿ ಆಗಿತ್ತು. ಪೂಜೆಗೆ ಕೂತ ಆಯುಧ ಮಾರನೇ ದಿನ ಪೂಜೆ ತೆಗೆಯೋವರೆಗೂ ಯಾರೂ ಮುಟ್ಟಲ್ಲ. ನಮ್ಮನೇಲಿ ಅದರಲ್ಲಿ ರಿಯಾಯ್ತಿ ಇಲ್ಲ.

ರೆಸಿನ್ ಯಾಕೆ ಇಟ್ರಿ, ಅದೇನು ಆಯುಧಾನಾ ಅಂತ ಅಪ್ಪನ್ನ ಕೇಳ್ದೆ.

"ನಿನ್ನ ಕೆಲಸದ್ದು ಅದೇ ತಾನೆ," ಅಂದ್ರು ಅಪ್ಪ. ಅಷ್ಟು ಹೇಳಿ ಪೇಪರ್ ತೆಗೆದ್ರು.

ಎರಡು ತಿಂಗಳ ಹಿಂದೆ ಆಟ ಅಂದಿದ್ದೋರು ಅವತ್ತು ಅದನ್ನ ತಮ್ಮ ಮೈಕ್ರೋಮೀಟರ್ ಪಕ್ಕದಲ್ಲಿ ಇಟ್ಟಿದ್ರು. ನಾನು ಕೈ ಹಾಕೋದಾದ್ರೂ ಹೆಂಗೆ? ಹನ್ನೊಂದು ಗಂಟೆಗೆ ಶೆಡ್ಡಲ್ಲಿ ಇರ್ಬೇಕಿತ್ತು. ಅಂಗಡಿಗಳೂ ಪೂಜೆ ಮಾಡಿ ಬಾಗಿಲು ಹಾಕಿದ್ವು. ಸುಮ್ನೆ ಅಡುಗೆ ಮನೇಲಿ ನಿಂತ್ಕೊಂಡೆ. ಅಮ್ಮ ಒಬ್ಬಟ್ಟು ತಟ್ತಿದ್ರು. ಎಣ್ಣೇಲಿ ನೆನೆದ ಹಳದಿ ಕಣಕ ಎಳೆದಷ್ಟೂ ಹಿಗ್ತಿತ್ತು, ಹರೀತಿರ್ಲಿಲ್ಲ. ಬಲೂನ್ ರಬ್ಬರ್ ಥರ. ನಾನು ಅದನ್ನೇ ನೋಡ್ತಾ ನಿಂತಿದ್ದೆ. ಹೂರಣಕ್ಕೆ ಕೈ ಹಾಕ್ಬೇಡ, ಇನ್ನೂ ಎಡೆ ಆಗಿಲ್ಲ ಅಂದ್ರು ಅಮ್ಮ. ಹೂರಣ ಬೇಡಮ್ಮ, ಕಣಕ ಕೊಡು ಅಂದೆ.

ಬೆರಳಿಗೆ ಪೂಜೆ ಮಾಡಿರ್ಲಿಲ್ಲ. ಬೆರಳಲ್ಲೇ ಬಿರುಕಿಗೆ ಒತ್ತಿ, ಹಲಗೆ ಸಂದಿಯವರೆಗೂ ಎಳೆದು ಅಂಟಿಸ್ದೆ. ಭಾವ ಟೇಪ್ ಹಾಕಿದ್ರು. ಧಮ್, ಧಮ್. ಪುಸ್ ಇಲ್ಲ. ಭಾವ ನನ್ನ ಮುಖ ನೋಡಿ, ಕಾರಿಗೂ ಊಟ ಹಾಕ್ದೆ ಬಿಡು ಅಂದ್ರು. ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟು ಹೊರಟ್ವಿ. ವಿಜಯನಗರ ದಾಟೋವರೆಗೂ ನಾನು ಹಿಂದಿನ ಸೀಟಿಗೆ ಕಿವಿ ಒತ್ಕೊಂಡೇ ಕೂತಿದ್ದೆ.

ಶೆಡ್ಡಲ್ಲೂ ಪೂಜೆ ಮುಗಿದಿತ್ತು, ಕುಂಬಳಕಾಯಿ ಒಡೆದಿದ್ರು. ಯಜಮಾನ್ರು ಪಂಚೆ ಉಟ್ಕೊಂಡು ಬಂದು ಡಿಕ್ಕಿ ಒಳಗೆ ಬಗ್ಗಿ, ಜೋರಾಗೇ ಹಾಕು ಅಂದ್ರು. ಆಮೇಲೆ ಪೂಜೆ ತಟ್ಟೆಯಿಂದ ಒಂದು ಉರಿಯೋ ಊದುಬತ್ತಿ ತಗೊಂಡು ಡಬ್ಬದ ಅಂಚಿಗೆ ಹಿಡಿದ್ರು. ಗಾಳಿ ಸೋರಿದ್ರೆ ಹೊಗೆ ಅಲ್ಲಾಡುತ್ತೆ. ಮೇಲಿನ ಅಂಚು, ಬಲಗಡೆ, ಕೆಳಗೆ. ಹೊಗೆ ನೆಟ್ಟಗೇ ಹೋಗ್ತಿತ್ತು. ಕಣಕದ ಹತ್ರ ಬಂದಾಗ ಕೈ ನಿಂತೋಯ್ತು.

"ಅರಿಶಿನ ಸ್ವಲ್ಪ ಜೋರಾಗೇ ಹಚ್ಚಿದೀಯ," ಅಂದ್ರು.

ಹೂಂ ಅಂದಿದ್ರೆ ಮುಗೀತಿತ್ತು. ಹೊಗೆ ಅಲ್ಲಾಡಿರ್ಲಿಲ್ಲ. ಭಾವ ಹಿಂದಿನಿಂದ ನನ್ನ ಅಂಗಿ ಜಗ್ಗಿದ್ರು, ಹೂಂ ಅನ್ನು ಅಂತ. ಆದ್ರೆ ನಾಳೆಯಿಂದ ಆ ಮೂಲೇಲಿ ಇವರ ಪಕ್ಕದಲ್ಲೇ ಕೆಲಸ ಮಾಡ್ಬೇಕಲ್ಲ ಅನ್ನಿಸ್ತು.

"ಅರಿಶಿನ ಅಲ್ಲ ಯಜಮಾನ್ರೆ. ಒಬ್ಬಟ್ಟಿನ ಕಣಕ."

ಅವರು ಬೆರಳಲ್ಲಿ ಒತ್ತಿದ್ರು, ಮೂಸಿ ನೋಡಿದ್ರು. ಯಾಕೆ ಅಂದ್ರು. ಆಯುಧ ಎಲ್ಲಾ ಪೂಜೆಗೆ ಕೂತಿದ್ದು ಹೇಳ್ದೆ. ಬಿರುಕು ಹೆಂಗೆ ಬಂತು ಅಂದ್ರು. ಡಿಕ್ಕಿಗೆ ಅಂಟ್ಕೊಂಡಿದ್ದು ಹೇಳ್ದೆ. ಏನು ಸವರಿದ್ದೆ ಅಂದ್ರು. ಕೊಬ್ರಿ ಎಣ್ಣೆ ಅಂದೆ. ಅಲ್ಲಿವರೆಗೂ ಗಂಭೀರವಾಗಿದ್ದ ಮನುಷ್ಯ, ಪಂಚೆ ಎತ್ಕೊಂಡು ಬಂಪರ್ ಮೇಲೆ ಕೂತು ಕಣ್ಣಲ್ಲಿ ನೀರು ಬರೋವರೆಗೂ ನಕ್ರು. ಅದು ಮೇಣ ಕಣೋ, ಮೇಣ ತಿಕ್ತೀವಿ ನಾವು ಅಂದ್ರು. ತೋರ್ಸೋಕೆ ಅಂತ ಎದ್ದೋರು ಹಂಗೇ ನಿಂತ್ರು. ಮೇಣದ ಡಬ್ಬೀನೂ ಅವರ ದೇವರ ಮುಂದೆ ಕುಂಕುಮ ಇಟ್ಕೊಂಡು ಕೂತಿತ್ತು.

"ನಾಳೆ ಪೂಜೆ ತೆಗೆದ್ಮೇಲೆ ಬಾ. ಉಸಿರು ಬಿಡ್ಲಿಲ್ಲ, ಮೂಲೆ ನಿಂದು. ಮೊದಲ್ನೇ ಕೆಲಸ, ಇದನ್ನ ಒಡೆದು ಹೊಸದು ಮಾಡೋದು."

ಒಡೆಯೋಕೆ ಭಾವ ಒಪ್ಲಿಲ್ಲ. ಪೂಜೆ ಮಾಡಿದ ವಸ್ತು ಮಾರನೇ ದಿನವೇ ಒಡೀತಾರೇನ್ರಿ ಅಂತ ಯಜಮಾನ್ರಿಗೇ ಕೇಳಿದ್ರು. ಸರಿ, ನಿಮ್ಮಿಷ್ಟ ಅಂದ್ರು ಅವರು. ಹಂಗಾಗಿ ಡಬ್ಬ ಕಣಕದ ಸಮೇತ ಕಾರಲ್ಲೇ ಉಳೀತು. ಮಾರನೇ ದಿನ ನಾನು ಮೂಲೆಗೆ ಮೇಜು ಸಾಗಿಸ್ದೆ. ಹೊರೋಕೆ ಅಪ್ಪಾನೂ ಒಂದು ಕಡೆ ಹಿಡಿದ್ರು. ಯಜಮಾನ್ರು ಮೇಣ ತಿಕ್ಕೋದು ತೋರಿಸಿದ್ರು. ಮೂರು ಸಲ ತಿಕ್ಕಿ, ಪ್ರತಿ ಸಲ ಒಣಗಿಸಿ, ಮುಖ ಕಾಣೋವರೆಗೂ ಒರೆಸ್ಬೇಕು. ಬಾಗಿಲಲ್ಲಿ ನಿಂತಾಗ ನಂಗೆ ಕಂಡಿದ್ದು ಅದರಲ್ಲಿ ಕೊನೇದು ಮಾತ್ರ.

ಎರಡು ವಾರ ಆದ್ಮೇಲೆ ಭಾವ ಶೆಡ್ಡಿಗೆ ಬಂದ್ರು. ಬಂದೋರೇ ಡಿಕ್ಕಿ ತೆಗೆದು ತೋರಿಸಿದ್ರು. ನಂಬರ್ ಪ್ಲೇಟಿಂದ ಡಬ್ಬದವರೆಗೂ ಇರುವೆ ಸಾಲು. ಡಬ್ಬದಿಂದ ಇನ್ನೊಂದು ಸಾಲು ಹೊರಟು, ಹಿಂದಿನ ದಿನದ ಪ್ಯಾಸೆಂಜರ್ ಸೂಟ್‌ಕೇಸ್ ಇಟ್ಟಿದ್ದ ಜಾಗಕ್ಕೆ ಹೋಗಿತ್ತು. ಸೂಟ್‌ಕೇಸಲ್ಲಿ ಮದುವೆ ಗಂಡಿನ ಪಂಚೆ, ಶಲ್ಯ ಇತ್ತಂತೆ. ಛತ್ರದಲ್ಲಿ ಆತ ಹಸೆಮಣೆ ಮೇಲೆ ಕೂರೋಕಾಗದೆ ಒದ್ದಾಡಿದ್ದನ್ನ ಭಾವ ಹೇಳ್ತಾ ಇದ್ರೆ ಯಜಮಾನ್ರು ಮತ್ತೆ ಬಂಪರ್ ಹುಡುಕ್ತಿದ್ರು. ಕಣಕ ಮುಕ್ಕಾಲು ಖಾಲಿ. ಟೇಪ್ ಹಾಕಿದ್ರೆ ಪುಸ್, ಪುಸ್.

"ಒಡಿಯೋ ಬಾಮೈದ," ಅಂದ್ರು ಭಾವ.

ಒಡೆದೆ. ಅದರ ಅಡೀಲಿ ಇನ್ನೂ ಕೊಬ್ರಿ ಎಣ್ಣೆ ವಾಸನೆ ಇತ್ತು. ಸಂಜೆವರೆಗೂ ಡಿಕ್ಕಿಗೆ ಮೇಣ ತಿಕ್ಕಿ, ಹೊಸ ಮ್ಯಾಟ್ ಹಾಸಿ, ರೆಸಿನ್ ಕುಡಿಸ್ದೆ. ಬೆಳಿಗ್ಗೆ ಒಂದು ಕೈಯಲ್ಲಿ ಎಳೆದ್ರೆ ಟಪ್ ಅಂತ ಬಂತು. ಆ ಡಬ್ಬ ಈಗ್ಲೂ ಅದೇ ಕಾರಲ್ಲಿದೆ. ಪ್ರತಿ ಆಯುಧಪೂಜೆಗೆ ಭಾವ ಅದಕ್ಕೆ ಊದುಬತ್ತಿ ಬೆಳಗೋ ನೆಪದಲ್ಲಿ ಸುತ್ತಾ ಹಿಡಿದು ಹೊಗೆ ನೋಡ್ತಾರೆ.

ಅಡುಗೆ ಮನೇಲಿ ಸಿಕ್ಕಿದ್ದನ್ನ ತಗೊಂಡು ಮಿಷಿನ್ನಿಗೋ ಗಾಡಿಗೋ ಹಚ್ಚಿದೋನು ನಾನೊಬ್ನೇ ಇರ್ಲಿಕ್ಕಿಲ್ಲ. ನೀವು ಏನು ಹಚ್ಚಿದ್ರಿ, ಎಷ್ಟು ದಿನ ನಿಲ್ತು, ಆಮೇಲೆ ಮನೇಲಿ ಏನಂದ್ರು, ಒಂದು ಕಾಗದ ಬರೀರಿ. ಅಂಟದ ಹಂಗೆ ಸವರೋಕೆ ಮೇಣ ಬಿಟ್ಟು ಬೇರೆ ಏನಾದ್ರೂ ನಿಮಗೆ ಕೈ ಹಿಡಿದಿದ್ರೆ ಅದನ್ನಂತೂ ತಪ್ಪದೆ ಬರೀರಿ, ಯಜಮಾನ್ರಿಗೂ ಓದಿ ಹೇಳ್ತೀನಿ.